ಶೇಂಗಾ ಬೇರು ಕಿತ್ತು ನೋಡಿದ್ವಿ, ಪ್ಯಾಕೆಟ್ ದುಡ್ಡು ಹೋಯ್ತು

ಹಾಂ ಇದು ಚಳ್ಳಕೆರೆ ಕಡೆ ನಮ್ಮ ಹೊಲ, ಗಾಳಿ ಸೌಂಡ್ ಸ್ವಲ್ಪ ಅಡ್ಜಸ್ಟ್ ಮಾಡ್ಕಳ್ರಪ್ಪ. ಮಳೆ ಬಿದ್ದು 18 ದಿನ ಆಯ್ತು, ಆಶ್ಲೇಷ ಮಳೆ ಪೂರ್ತಿ ಕೈ ಕೊಡ್ತು.

ಬೇರಲ್ಲಿ ಸಾಸಿವೆ ಕಾಳಿನಂಗೆ ಕಾಣ್ತಾವಲ್ಲ, ಆ ಗಂಟಲ್ಲಿ ಬ್ಯಾಕ್ಟೀರಿಯಾ ಇರ್ತಾವೆ, ಗಾಳಿ ಸಾರಜನಕ ಹಿಡಿದು ಗಿಡಕ್ಕೆ ಕೊಡ್ತಾವೆ, ಗಿಡ ಅವಕ್ಕೆ ಸಕ್ಕರೆ ಕೊಡುತ್ತೆ. ಉಗುರಲ್ಲಿ ಸೀಳ್ತೀನಿ, ಫೋಕಸ್ ಆಗ್ತಿಲ್ಲ, ಹಾಂ ಆಯ್ತು. ಒಳಗೆ ಕೆಂಪಗಿದ್ರೆ ಕೆಲಸ ನಡೀತೈತೆ ಅಂತ. ಇದು ನೋಡಿ, ಹಸಿರು ತಿರುಗೈತೆ, ಅಂಗಡಿ ಬಂದ್. ತೇವ ಆರಿದ್ರೆ ಗಿಡ ಸಾಯೋಕೆ ಮುಂಚೆನೇ ಗಂಟು ಕೈ ಎತ್ತುತ್ತೆ.

ಈಗ ಪ್ಯಾಕೆಟ್ ಕಥೆ. ರೈಜೋಬಿಯಂ, ಅಂದ್ರೆ ಬೀಜಕ್ಕೆ ಹಚ್ಚೋಕೆ ಆ ಗಂಟಿನ ಬ್ಯಾಕ್ಟೀರಿಯಾನೇ ಪುಡೀಲಿ, 200 ಗ್ರಾಂ, 80 ರೂಪಾಯಿ, ಮೂರು ತಗೊಂಡೆ. ಅಂಗಡಿಯವನು ಅದನ್ನ ತೋರಣ ಕಟ್ಟಿದಂಗೆ ಬಾಗಿಲಿಗೆ ನೇತಾಕಿದ್ದ, ಮೇ ತಿಂಗಳ ಬಿಸಿಲೆಲ್ಲ ಅದ್ರ ಮೇಲೆನೇ. ಒಳಗಿರೋದು ಜೀವ ಕಣ್ರೀ, ಬಿಸಿಲಿಗೆ ಸಾಯುತ್ತೆ! ಕೇಳಿದ್ರೆ "ಪೌಡರ್ ಕೆಡುತ್ತೇನಣ್ಣಾ" ಅಂತಾನೆ. ಆದ್ರೂ ತಂದೆ ನೋಡಿ, ನನ್ನ ಬುದ್ಧಿಗೆ ಏನನ್ಬೇಕು. ಬೆಲ್ಲದ ಪಾಕ ಕಾಸಿ ಆರಿಸಿ ಬೀಜಕ್ಕೆ ಹಚ್ಚಿ ನೆರಳಲ್ಲಿ ಹರವಿದೀನಿ, ಅಷ್ಟರಲ್ಲಿ ನಮ್ಮಪ್ಪ ಬಂದು ಅದೇ ಬೀಜಕ್ಕೆ ಬೂಷ್ಟಿನ ಔಷಧಿ ಕಲಸಿಬಿಟ್ರು. ಉಳ್ದಿದ್ದೇನಾದ್ರೂ ಇದ್ರೆ ಅದೂ ಹೋಯ್ತು. 240 ರೂಪಾಯಿಗೆ ಬೆಲ್ಲ ತಿನ್ನಬಹುದಿತ್ತು.

ಪ್ಯಾಕೆಟ್ ಎಲ್ಲ ಸುಳ್ಳು ಅಂತ ಹೋದ ವಿಡಿಯೋದಲ್ಲಿ ಬಯ್ದಿದ್ದೆ, ಅರ್ಧ ಮಾತು ವಾಪಸ್. ಪ್ಯಾಕೆಟ್ ಹಾಕ್ದೆ ಇರೋ ಸಾಲಲ್ಲೂ ಗಂಟು ಇಷ್ಟೇ ಐತೆ. ತಾತನ ಕಾಲದಿಂದ ಶೇಂಗಾನೇ ಬಿತ್ತಿರೋ ಮಣ್ಣು, ಆ ಬ್ಯಾಕ್ಟೀರಿಯಾ ಇಲ್ಲೇ ಮನೆ ಮಾಡ್ಕೊಂಡವೆ. ಹೊಸದಾಗಿ ಶೇಂಗಾ ಹಾಕೋರು ತಗೊಳ್ಳಿ, ನೆರಳಲ್ಲಿಟ್ಟಿರೋ ಅಂಗಡೀಲಿ.

ರಂಜಕ, ಅಂದ್ರೆ ಫಾಸ್ಫರಸ್, ಅದ್ರದ್ದು ಬೇರೆ ಲೆಕ್ಕ. ಬೇರಿಗೆ ಕೂದಲಿಗಿಂತ ಸಣ್ಣ ಎಳೆ ಬಿಡೋ ಶಿಲೀಂಧ್ರ ಐತೆ, ಮೈಕೋರೈಜಾ, ಬೇರು ಮುಟ್ಟದ ಕಡೆಯಿಂದ ರಂಜಕ ಎಳೆದು ತರುತ್ತೆ. ಬೆಂಗಳೂರು ಕೃಷಿ ವಿವಿಯಲ್ಲಿ ಬಾಗ್ಯರಾಜ್ ಅನ್ನೋ ವಿಜ್ಞಾನಿ ಇದರ ಮೇಲೇನೇ ವರ್ಷಗಟ್ಟಲೆ ಕೆಲಸ ಮಾಡಿದ್ರು. ಕ್ಯಾಮೆರಾಗೆ ಕಾಣಲ್ಲ, ಬಿಡಿ.

ಇನ್ನೊಂದು, ಒಣಗಿದ ಮಣ್ಣಿಗೆ ಮಳೆ ಬಿದ್ದಾಗ ಘಮ್ ಅನ್ನುತ್ತಲ್ಲ, ಅದೂ ಬ್ಯಾಕ್ಟೀರಿಯಾದ್ದೇ ವಾಸ್ನೆ. ಆಗ ಮಣ್ಣಿನ ಜೀವಿಗಳೆಲ್ಲ ಒಮ್ಮೆಲೆ ಎದ್ದು ಸಾರಜನಕ ಬಿಡ್ತಾವೆ, ಆದ್ರೆ ಜೋರು ಮಳೆ ಆದ್ರೆ ಬೇರು ಹೀರೋ ಮೊದ್ಲೇ ಕೊಚ್ಕೊಂಡು ಹೋಗುತ್ತೆ. ಉಳಿದಿದ್ದನ್ನ ನಾವು ಬಳ್ಳಿ ಸಮೇತ ಕಿತ್ತು ದನಕ್ಕೆ ಹಾಕ್ತೀವಿ, ತಿಪ್ಪೆ ಗೊಬ್ಬರ ಹೊಲಕ್ಕೆ ಬಂದ್ರೆ ವಾಪಸ್, ಇಲ್ಲಾಂದ್ರೆ... ಏಯ್ ಏಯ್ ಕುರಿ ನುಗ್ತಾವೆ, ಕೊಯ್ಲಾದ್ಮೇಲೆ ಮಂದೆ ಹಾಕ್ರಪ್ಪ, ಈಗಲ್ಲ! ಕಟ್ ಮಾಡೋ, ಕಟ್.