ಒಂದು ಮಾರು ದೂರ

ಎಲ್ಲರಿಗೂ ನಮಸ್ಕಾರ. ಛಾಯಾಗ್ರಹಣ ದಿನಕ್ಕೆ ಮೈಸೂರಲ್ಲಿ ಮಾತಾಡಬೇಕು ಅಂದಾಗ ಸ್ವಲ್ಪ ಹೆದರಿದೆ. ಇದು ಹೆಸರಾಂತ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಊರು. ಹೂವಾಡಗಿತ್ತಿಗೇ ಹೂ ಮಾರಲು ಬಂದ ಹಾಗಾಯಿತು.

ಅರಮನೆ ವಿಷಯಕ್ಕೆ ನಾನು ಹೋಗುವುದಿಲ್ಲ. ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಕೊಂಡ ಮೇಲೆ ಯಾರು ತೆಗೆದರೂ ಫೋಟೊ ಚೆನ್ನಾಗಿಯೇ ಬರುತ್ತದೆ, ಅಲ್ವಾ? ನನ್ನ ಮಾತೆಲ್ಲ ಚಿಕ್ಕ ಗಡಿಯಾರದ ಪಕ್ಕದ ದೇವರಾಜ ಮಾರುಕಟ್ಟೆಯದು. ಜೇಬಲ್ಲಿ ಹಿಡಿಸುವ ಕ್ಯಾಮೆರಾದ್ದು.

ಮೊದಲು ನಾನೂ ದೊಡ್ಡ ಲೆನ್ಸ್ ಹೊತ್ತೇ ಹೋಗುತ್ತಿದ್ದೆ. 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಕುಸಿದಿತ್ತು. ಕೆಡವಬೇಕೋ ಉಳಿಸಬೇಕೋ ಅನ್ನುವ ಜಗಳ ನಿಮಗೆ ಗೊತ್ತೇ ಇದೆ. ಆ ದಿನಗಳಲ್ಲಿ ನನ್ನ ಲೆನ್ಸ್ ಕಂಡರೆ ಸಾಕು, ವ್ಯಾಪಾರ ನಿಲ್ಲುತ್ತಿತ್ತು. 'ಪೇಪರ್‌ನೋರಾ? ಕಾರ್ಪೊರೇಷನ್‌ನೋರಾ? ಯಾವಾಗ ಒಡೀತಾರಂತೆ?' ನಾನು ಮಲ್ಲಿಗೆ ತೆಗೆಯಲು ಹೋದರೆ ಸಿಗುತ್ತಿದ್ದದ್ದು ಗಾಬರಿಯ ಮುಖಗಳು.

ಆಮೇಲೆ ರಿಕೋ ಜಿಆರ್ 3 ಅನ್ನುವ ಜೇಬಿನ ಕ್ಯಾಮೆರಾ ತಗೊಂಡೆ. ತೂಕ ಕಾಲು ಕಿಲೊ ಚಿಲ್ಲರೆ. ಹೂವಿನ ಸಾಲಲ್ಲಿ ಒಬ್ಬ ಅಜ್ಜಿ ಅದನ್ನು ನೋಡಿ, 'ಯಾಕಪ್ಪ, ಫೋನ್ ಕೆಟ್ಟೋಯ್ತಾ?' ಅಂದರು. ಅಲ್ಲಿಗೆ ನಾನು ಪೇಪರಿನವನಲ್ಲ ಅಂತ ತೀರ್ಮಾನವಾಯಿತು! 'ಸುಮ್ನೆ ನಿಂತಿದ್ದೀಯ, ಈ ತುದಿ ಹಿಡ್ಕೊ' ಅಂತ ದಾರದ ಒಂದು ಕೊನೆ ಕೊಟ್ಟರು. ಒಂದು ಕೈಯಲ್ಲಿ ಕನಕಾಂಬರ, ಇನ್ನೊಂದರಲ್ಲಿ ಕ್ಯಾಮೆರಾ. ಅವರು ಎರಡೂ ತೋಳು ಚಾಚಿ ಮಾರು ಅಳೆಯುತ್ತಾ ಹೋದರು. ಆಗ ಹೊಳೆಯಿತು ನೋಡಿ. ಒಂದು ಮಾರು ಅಂದರೆ ಆರಡಿ, ಹತ್ತಿರ ಹತ್ತಿರ ಎರಡು ಮೀಟರ್. ಈ ಕ್ಯಾಮೆರಾದಲ್ಲಿ ಸ್ನ್ಯಾಪ್ ಫೋಕಸ್ ಅಂತ ಇದೆ, ದೂರವನ್ನು ಮೊದಲೇ ಗೊತ್ತು ಮಾಡಿಡಬಹುದು. ಅದನ್ನು 2 ಮೀಟರಿಗೆ ಇಟ್ಟು, ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿಯನ್ನು ಎಫ್ 8ಕ್ಕೆ ಕಿರಿದು ಮಾಡಿದರೆ ಸುಮಾರು ಒಂದು ಮೀಟರಿನಿಂದ ಸಾಲಿನ ಕೊನೆಯವರೆಗೂ ಚಿತ್ರ ಚೊಕ್ಕ. ಲೆನ್ಸ್ ಫೋಕಸ್‌ಗಾಗಿ ಹುಡುಕಾಡುವುದಿಲ್ಲ. ಒತ್ತಿದ ಕೂಡಲೇ ಫೋಟೊ. ಅಂದಿನಿಂದ ನನ್ನ ಲೆಕ್ಕ ಮೀಟರಿನಲ್ಲಿಲ್ಲ, ಮಾರಿನಲ್ಲಿ.

ಮುಂದಿನ ವಾರ ಪ್ರಿಂಟ್ ತಗೊಂಡು ಹೋದೆ. ಕಪ್ಪು-ಬಿಳುಪು, ನನಗೆ ಬಹಳ ಹೆಮ್ಮೆ. ಅಜ್ಜಿ ತಿರುಗಿಸಿ ಮುರುಗಿಸಿ ನೋಡಿ, 'ಕನಕಾಂಬರ ಬೂದಿ ಆಗೋಯ್ತಲ್ಲಪ್ಪ, ಇದನ್ನ ಯಾರು ಮುಡೀತಾರೆ?' ಅಂದರು. (ನಗಬೇಡಿ, ನಾನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.) ಈಗ ಅಲ್ಲಿ ಬಣ್ಣದಲ್ಲೇ ತೆಗೆಯುತ್ತೇನೆ. ಅದರಲ್ಲೂ ತೊಂದರೆ ಇದೆ. ನೀಲಿ ಟಾರ್ಪಾಲಿನ ಕೆಳಗೆ ಎಲ್ಲರ ಮುಖವೂ ಕೃಷ್ಣನ ವೇಷದಂತೆ ಕಾಣುತ್ತದೆ. ಹೀಗಾಗಿ ಬಣ್ಣವನ್ನು ಕ್ಯಾಮೆರಾ ತಾನೇ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ನಂಬುವುದಿಲ್ಲ, ನಾನೇ ಸರಿಪಡಿಸಿಕೊಳ್ಳುತ್ತೇನೆ.

ಕೆಲವರು ಹೇಳುತ್ತಾರೆ, ಚಿಕ್ಕ ಕ್ಯಾಮೆರಾ ಕದ್ದು ತೆಗೆಯಲು ಅನುಕೂಲ ಅಂತ. ಇದೇ ನನಗೆ ಹಿಡಿಸದ ಮಾತು. ಕದಿಯಬೇಕಾದರೆ ಆ ದೊಡ್ಡ ಲೆನ್ಸೇ ವಾಸಿ, ರಸ್ತೆಯ ಆಚೆ ಬದಿಯಿಂದ ಆಗುತ್ತದೆ. ಈ ಚಿಕ್ಕದರಲ್ಲಿ ಇರುವುದು 28 ಎಂಎಂ ನೋಟ, ಅಂದರೆ ಅಗಲದ ನೋಟ, ಜೂಮ್ ಇಲ್ಲ. ಹತ್ತಿರ ಹೋಗಲೇಬೇಕು. ಒಂದು ಮಾರು ದೂರದಲ್ಲಿ ನಿಂತರೆ ಅವರು ನಿಮ್ಮನ್ನು ನೋಡುತ್ತಾರೆ, ಬೈಯಬಹುದು, ಬೇಡ ಅನ್ನಬಹುದು. ಬೇಡ ಅನ್ನಲು ಅವರಿಗೆ ಆ ಅವಕಾಶ ಇರಬೇಕು.

ಚೀಟಿ ಬಂತು, ಐದು ನಿಮಿಷ ಅಂತೆ. ದೊಡ್ಡ ಗಡಿಯಾರ, ಸಯ್ಯಾಜಿರಾವ್ ರಸ್ತೆಯ ನೆರಳು, ಎಲ್ಲ ಬಿಟ್ಟೆ. ಒಂದು ಮಾತ್ರ: ಇದರ ಬ್ಯಾಟರಿ 200 ಫೋಟೊಗೆಲ್ಲ ಮುಗಿಯುತ್ತದೆ, ಇನ್ನೊಂದು ಇಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಆರೂವರೆಗೆ ಚಿಕ್ಕ ಗಡಿಯಾರದ ಕೆಳಗೆ ಇರುತ್ತೇನೆ, ಬರುವವರು ಬನ್ನಿ. ದೊಡ್ಡ ಬ್ಯಾಗು ಮನೆಯಲ್ಲೇ ಇರಲಿ. ಹೂವಿಗೆ ಚಿಲ್ಲರೆ ತನ್ನಿ.