ಇನ್ಹೇಲರ್‌ಗೆ ಬೀಗ ಯಾಕೆ?

ಅಸ್ತಮಾ ಇರೋ ಮಗು ತರಗತಿಯಲ್ಲಿ, ಅದರ ಇನ್ಹೇಲರ್ ಆಫೀಸಿನ ಬೀರುವಿನಲ್ಲಿ, ಬೀಗದ ಕೈ ಇನ್ಯಾರದೋ ಜೇಬಿನಲ್ಲಿ. ಎಷ್ಟೋ ಶಾಲೆಗಳಲ್ಲಿ ಇವತ್ತಿಗೂ ಇದೇ ನಿಯಮ. ಇದು ಬದಲಾಗಲೇಬೇಕು.

ಉಬ್ಬಸ ಶುರುವಾದಾಗ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತೆ, ಒಳಪದರ ಊದಿಕೊಳ್ಳುತ್ತೆ, ಕಫ ಕಟ್ಟುತ್ತೆ. ಇನ್ಹೇಲರ್‌ನಲ್ಲಿರೋ ಸಾಲ್ಬುಟಮಾಲ್ ಅನ್ನೋ ಔಷಧಿ ಎಳೆದುಕೊಂಡರೆ ಕೆಲವೇ ನಿಮಿಷಗಳಲ್ಲಿ ಆ ಬಿಗಿತ ಸಡಿಲವಾಗುತ್ತೆ. ಆ ನಿಮಿಷಗಳನ್ನ ಬೀಗ ತೆಗೆಯೋದರಲ್ಲಿ ಕಳೆಯೋ ಹಕ್ಕು ಯಾವ ಶಾಲೆಗೂ ಇಲ್ಲ.

"ಬೇರೆ ಮಗು ತಗೊಂಡುಬಿಟ್ಟರೆ?" ಅಂತ ಕೇಳ್ತಾರೆ. ಅಸ್ತಮಾ ಇಲ್ಲದ ಮಗು ಒಂದು ಪಫ್ ಎಳೆದರೆ ಸ್ವಲ್ಪ ಹೊತ್ತು ಎದೆ ಬಡಿತ ಜೋರಾಗಬಹುದು, ಕೈ ನಡುಗಬಹುದು. ಸಾಮಾನ್ಯವಾಗಿ ಅಷ್ಟೇ. ಇನ್ಹೇಲರ್ ಸಿಗದೆ ಒದ್ದಾಡೋ ಮಗುವಿನ ಜೀವವೇ ಹೋಗಬಹುದು. ಎರಡು ಅಪಾಯವನ್ನೂ ಪಕ್ಕಪಕ್ಕ ಇಟ್ಟು ನೋಡಿ.

ತಾನೇ ಬಳಸೋಕೆ ಬರೋ ಮಗುವಿನ ಬಳಿಯೇ ಅದು ಇರಲಿ. ಚಿಕ್ಕವರದ್ದು ತರಗತಿಯಲ್ಲೇ, ಹೆಸರು ಬರೆದು, ಟೀಚರ್ ಕೈಗೆ ಎಟುಕೋ ಕಡೆ ಇರಲಿ. ಮೈದಾನಕ್ಕೂ ಪ್ರವಾಸಕ್ಕೂ ಜೊತೆಗೇ ಹೋಗಲಿ. ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಮಕ್ಕಳು ಇನ್ಹೇಲರ್ ಇಟ್ಟುಕೊಳ್ಳೋಕೆ ಕಾನೂನಿನ ಅವಕಾಶ ಇದೆ. ಬ್ರಿಟನ್ 2014ರ ಅಕ್ಟೋಬರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು: ಮಗುವಿನದ್ದು ಖಾಲಿಯಾಗಿದ್ದರೆ, ಕೆಟ್ಟಿದ್ದರೆ ಬಳಸೋಕೆ ಅಂತ ಶಾಲೆಯೇ ವೈದ್ಯರ ಚೀಟಿ ಇಲ್ಲದೆ ಇನ್ಹೇಲರ್ ಕೊಂಡು ಇಡಬಹುದು.

ಉಬ್ಬಸ ಬಂದಾಗ ಏನು ಮಾಡಬೇಕು ಅಂತ ವೈದ್ಯರು ಬರೆದುಕೊಟ್ಟ ಅಸ್ತಮಾ ಯೋಜನೆ ಅಂಥ ಪ್ರತಿ ಮಗುವಿಗೂ ಬೇಕು. ಅದು ಫೈಲಿನಲ್ಲಿದ್ದರೆ ಸಾಲದು, ಪಿ.ಟಿ. ಮೇಷ್ಟ್ರೂ ಬಸ್ ಡ್ರೈವರೂ ಓದಿರಬೇಕು. ಉಬ್ಬಸ ಬಂದಾಗ ಮಗುವನ್ನ ಮಲಗಿಸಬಾರದು, ನೇರವಾಗಿ ಕೂರಿಸಬೇಕು. ಇನ್ಹೇಲರ್‌ಗೆ ಸ್ಪೇಸರ್ (ಔಷಧಿ ಸರಿಯಾಗಿ ಒಳಗೆ ಹೋಗೋಕೆ ಜೋಡಿಸೋ ಟೊಳ್ಳು ಕೊಳವೆ) ಹಾಕಿ ಒಂದೊಂದೇ ಪಫ್ ಕೊಡಬೇಕು. ಒಂಟಿಯಾಗಿ ಎಲ್ಲಿಗೂ ಕಳಿಸಬಾರದು. ಸುಧಾರಿಸದಿದ್ದರೆ ಪೋಷಕರಿಗಾಗಿ ಕಾಯದೆ ಆಂಬ್ಯುಲೆನ್ಸ್ ಕರೆಯಬೇಕು. ಮತ್ತೆ ಇದನ್ನ ದಯವಿಟ್ಟು ಪ್ರತಿ ಶಿಕ್ಷಕರಿಗೂ ಹೇಳಿ: ಗೊರಗೊರ ಸದ್ದು ನಿಂತ ಮಾತ್ರಕ್ಕೆ ಮಗು ಹುಷಾರಾಯ್ತು ಅಂತಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಹೋಗ್ತಿಲ್ಲದೆ ಇರಬಹುದು.

ಸೀಮೆಸುಣ್ಣದ ಧೂಳು, ಗೋಡೆಯ ಬೂಷ್ಟು, ಹೊಸ ಬಣ್ಣದ ವಾಸನೆ ಇವೂ ಉಬ್ಬಸ ಕೆರಳಿಸಬಹುದು, ಇವನ್ನೂ ನೋಡಿಕೊಳ್ಳಬೇಕು. ಬಣ್ಣ ಹೊಡೆಸೋದಿದ್ದರೆ ರಜೆಯಲ್ಲಿ ಹೊಡೆಸಿ.

ಅಸ್ತಮಾ ಅಂದ ತಕ್ಷಣ ಆಟದಿಂದ ಹೊರಗೆ ಕೂರಿಸೋದು ನನಗೆ ತುಂಬಾ ನೋವು ಕೊಡೋ ವಿಷಯ. ಪೌಲಾ ರ‍್ಯಾಡ್‌ಕ್ಲಿಫ್‌ಗೂ ಅಸ್ತಮಾ ಇದೆ. 2003ರಲ್ಲಿ ಮಹಿಳೆಯರ ಮ್ಯಾರಥಾನ್ ವಿಶ್ವದಾಖಲೆ ಬರೆದವರು ಅವರು. ಕಾಯಿಲೆ ಹತೋಟಿಯಲ್ಲಿದ್ದರೆ, ವೈದ್ಯರು ಹೇಳಿದ್ದರೆ ಆಟಕ್ಕೆ ಮುಂಚೆ ಪಫ್ ತಗೊಂಡು, ಆ ಮಕ್ಕಳೂ ಓಡಲಿ.