ಆಸ್ಪತ್ರೆ ಹತ್ತಿರವೇ ಇದೆ, ಆದ್ರೆ ಯಾವುದಕ್ಕೆ?

ನಮಸ್ಕಾರ. ನಗರದ ನಕ್ಷೆ ತಗೊಳ್ಳಿ. ಆಸ್ಪತ್ರೆ ಇರೋ ಕಡೆಯೆಲ್ಲ ಒಂದೊಂದು ಚುಕ್ಕಿ ಇಟ್ಟು, ಸುತ್ತ ಐದು ಕಿಲೋಮೀಟರಿನ ವೃತ್ತ ಎಳೀರಿ. ನಗರದ ಬಹುಪಾಲು ಆ ವೃತ್ತಗಳೊಳಗೇ ಬಂದುಬಿಡುತ್ತೆ. ವರದಿ ಬರೆಯೋರಿಗೆ ಇದು ಬಲು ಅನುಕೂಲ. ನನ್ನ ತಕರಾರು ಇರೋದೇ ಈ ವೃತ್ತದ ಮೇಲೆ.

ರೈಲ್ವೆ ಗೇಟ್ ಬಿದ್ದಿದೆಯಾ, ಹೆದ್ದಾರಿ ದಾಟೋಕೆ ದಾರಿ ಇದೆಯಾ, ವೃತ್ತಕ್ಕೆ ಗೊತ್ತಾಗಲ್ಲ. ಸಂಜೆ ಆರೂವರೆಗೂ ಅದೇ ವೃತ್ತ, ರಾತ್ರಿ ಮೂರಕ್ಕೂ ಅದೇ. ಹೋಗಲಿ ಅಂದ್ರೆ, ಚುಕ್ಕಿಗಳೂ ಎಲ್ಲ ಒಂದೇ ಥರ ಅಲ್ಲವಲ್ಲ! ಲಕ್ವ ಹೊಡೆದವರಿಗೆ ಮೊದಲು ಬೇಕಾಗೋದು ಸಿಟಿ ಸ್ಕ್ಯಾನ್. ಮೆದುಳಿನ ರಕ್ತನಾಳ ಕಟ್ಟಿಕೊಂಡಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತಸ್ರಾವ ಆಗಿದ್ರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಸಂಚಕಾರ. ಸ್ಕ್ಯಾನ್ ಇಲ್ಲದ ಸಣ್ಣ ಆಸ್ಪತ್ರೆಗೆ ಹೋದ್ರೆ ಏನಾಗುತ್ತೆ? ಬಿಪಿ ನೋಡ್ತಾರೆ, ಡ್ರಿಪ್ ಹಾಕ್ತಾರೆ, ರೆಫರ್ ಚೀಟಿ ಬರೀತಾರೆ. ಮತ್ತೆ ಆಂಬ್ಯುಲೆನ್ಸ್ ಹುಡುಕಾಟ. ಹತ್ತಿರದ ಆಸ್ಪತ್ರೆಯೇ ಒಂದು ಗಂಟೆ ನುಂಗಿತು.

ಲಂಡನ್ 2010ರಲ್ಲಿ ಇದಕ್ಕೊಂದು ದಾರಿ ಹಿಡಿಯಿತು. ಲಕ್ವದ ಮೊದಲ ಚಿಕಿತ್ಸೆಯನ್ನ 8 ವಿಶೇಷ ಘಟಕಗಳಿಗೆ ಸೇರಿಸಿ, ಆಂಬ್ಯುಲೆನ್ಸ್ 30 ನಿಮಿಷದಲ್ಲಿ ತಲುಪಬೇಕು ಅಂತ ಲೆಕ್ಕ ಹಾಕಿದರು. ಎಷ್ಟೋ ಜನಕ್ಕೆ ಆಸ್ಪತ್ರೆ ದೂರವಾಯಿತು, ಸಾವು ಮಾತ್ರ ಕಡಿಮೆಯಾಯಿತು.

ಹಾಗಂತ ಎಲ್ಲವನ್ನೂ ಒಂದೆಡೆ ಗುಡ್ಡೆ ಹಾಕಿ ಅಂತಲ್ಲ. ಶಿಕಾಗೋದ ದಕ್ಷಿಣ ಭಾಗದಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆ ನಷ್ಟದ ಕಾರಣಕ್ಕೆ 1988ರಲ್ಲಿ ವಯಸ್ಕರ ಟ್ರಾಮಾ ಸೆಂಟರ್ (ಅಪಘಾತ, ಗುಂಡೇಟಿನಂಥ ಗಂಭೀರ ಗಾಯಗಳಿಗೆ ಚಿಕಿತ್ಸೆ ಕೊಡೋ ಘಟಕ) ಮುಚ್ಚಿತು. ಮತ್ತೆ ತೆರೆದದ್ದು 2018ರಲ್ಲಿ, ಅದೂ ಅಲ್ಲಿನ ಯುವಕರು ವರ್ಷಗಟ್ಟಲೆ ಬೀದಿಗಿಳಿದ ಮೇಲೆ. ಆಸ್ಪತ್ರೆ ಕಟ್ಟಡ ಅಷ್ಟೂ ವರ್ಷ ಅಲ್ಲೇ ನಿಂತಿತ್ತು; ನಕ್ಷೆಯಲ್ಲಿ ಚುಕ್ಕಿಯೂ ಇತ್ತು.

ನಾವು ದೂರ ಅಂದಾಗಲೆಲ್ಲ ಆಂಬ್ಯುಲೆನ್ಸೇ ಕಣ್ಮುಂದೆ ಬರುತ್ತೆ. ಡಯಾಲಿಸಿಸ್‌ನವರನ್ನ ಕೇಳಿ ನೋಡಿ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೂ ಸುಮಾರು ನಾಲ್ಕು ಗಂಟೆ. ಬೆಳಗಿನ ಶಿಫ್ಟ್ ಸಿಕ್ಕಿದ್ರೆ ಹೊರವಲಯದಿಂದ ಕತ್ತಲಲ್ಲೇ ಹೊರಡಬೇಕು, ಅಷ್ಟೊತ್ತಿಗೆ ಬಸ್ಸೇ ಶುರುವಾಗಿರಲ್ಲ. ಮುಗಿಸಿ ಎದ್ದಾಗ ಎಷ್ಟೋ ಸಲ ಬಿಪಿ ಇಳಿದು ಕಣ್ಣು ಕತ್ತಲೆ. ಫಿಸ್ಟುಲಾ, ಅಂದ್ರೆ ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ಜೋಡಿಸಿದ ರಕ್ತನಾಳ, ಇರೋ ಕೈಗೆ ಭಾರ ಬೀಳಬಾರದು, ರಷ್ ಇರೋ ಬಸ್ಸಲ್ಲಿ ಆ ಕೈಲಿ ಕಂಬಿ ಹಿಡಿದು ನೇತಾಡೋ ಹಾಗಿಲ್ಲ. ಜೊತೆಗೆ ಬಂದವರ ದುಡಿಮೆಯೂ ಆ ದಿನ ಹೋಯ್ತು. ಇದು ಒಂದು ರಾತ್ರಿಯ ಗಾಬರಿಯಲ್ಲ, ವರ್ಷಪೂರ್ತಿ ನಡೆಯೋ ಪಾಡು.

ನನ್ನ ಕೇಳಿದ್ರೆ, ಅಪರೂಪಕ್ಕೆ ಬೇಕಾಗೋದು ದೂರ ಇರಲಿ, ಆಂಬ್ಯುಲೆನ್ಸ್ ನೇರ ಅಲ್ಲಿಗೇ ಹೋಗೋ ಹಾಗಿರಲಿ. ಪದೇ ಪದೇ ಬೇಕಾಗೋದು ಮಾತ್ರ ಮನೆ ಹತ್ತಿರ ಬರಲೇಬೇಕು. ಹೊರವಲಯಕ್ಕೆ ಇಷ್ಟು ಹಾಸಿಗೆಯ ಆಸ್ಪತ್ರೆ ಬಂತು ಅಂತ ಮುಂದಿನ ಸಲ ಯಾರಾದ್ರೂ ಟೇಪ್ ಕತ್ತರಿಸಿದ್ರೆ ಕೇಳಿ: ಡಯಾಲಿಸಿಸ್ ಮೆಷಿನ್ ಎಷ್ಟಿವೆ? ರಾತ್ರಿ ಸ್ಕ್ಯಾನ್ ತೆಗೆಯೋರು ಇರ್ತಾರಾ? ಮೊದಲ ಬಸ್ಸು ಎಷ್ಟೊತ್ತಿಗೆ?